ಸತೀಹಿತೈಷಿಣಿಯಿಂದ ಕರ್ನಾಟಕ ನಂದಿನಿಯವರೆಗೆ

ಗೋವೆಯ ಮಡ್ಕಯಿಯ ಶ್ರೀ ನವದುರ್ಗೆಯು ಮೂಲತಃ ಈ ಊರಿನ ದೇವತೆಯಲ್ಲ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಆಳ್ವಿಕೆಗೆ ಒಳಗಾದ ತಿಸವಾಡಿಯಲ್ಲಿ ದೇವಾಲಯಗಳು ಒಂದೊಂದಾಗಿ ನೆಲಸಮವಾಗತೊಡಗಿದಾಗ, ಆ ಕಡೆಯ ಗ್ರಾಮಸ್ಥರು ತಮ್ಮ ತಾಯಿಯನ್ನು ಹೊತ್ತು, ನೀರನ್ನು ದಾಟಿ, ಆ ಆಳ್ವಿಕೆಯು ಇನ್ನೂ ಕಾಲಿರಿಸದಿದ್ದ ಫೋಂಡಾ ಸೀಮೆಯ ಈ ಮರೆಯಲ್ಲಿ ಪ್ರತಿಷ್ಠೆ ಮಾಡಿದರು. ಎಡಕ್ಕೆ ತುಸು ವಾಲಿದ ಕೊರಳಿನ ಆ ಮೂರ್ತಿಯನ್ನು ಕಾರ್ತಿಕದ ಜಾತ್ರೆಯಲ್ಲಿ ಕಣ್ತುಂಬ ನೋಡಿ ಹಿಂದಿರುಗುವ ನಮ್ಮ ಕನ್ನಡದ ಹೆಣ್ಣುಮಕ್ಕಳು, ವಿಜಯಪುರ ಬಾಗಿಲಕೋಟೆ ಗದಗ ಹಾವೇರಿಗಳ ಕಡೆಯಿಂದ ಘಟ್ಟವಿಳಿದು ಬಂದು ಇಲ್ಲಿಯ ಕೈಗಾರಿಕಾ ವಸಾಹತಿನಲ್ಲಿಯೂ ಕಟ್ಟಡಗಳ ಕೆಲಸದಲ್ಲಿಯೂ ದುಡಿಯುತ್ತಿರುವವರು, ಆ ತಾಯಿಯನ್ನು ತಮ್ಮವಳೆಂದು ಭಾವಿಸುವುದರಲ್ಲಿ ನನಗೆ ಆಶ್ಚರ್ಯವೇನೂ ತೋರುವುದಿಲ್ಲ.

ಈ ಹೆಣ್ಣುಮಕ್ಕಳಲ್ಲಿ ಕೆಲವರು ಭಾನುವಾರದ ಮಧ್ಯಾಹ್ನ ಒಂದೆಡೆ ಕೂಡಿ ಕನ್ನಡ ಪುಸ್ತಕಗಳನ್ನು ಓದಿಸಿ ಕೇಳುವ ಪದ್ಧತಿಯನ್ನಿಟ್ಟುಕೊಂಡಿದ್ದಾರೆ. ಆ ಕೂಟದಲ್ಲಿ ನಂಜನಗೂಡು ತಿರುಮಲಾಂಬಾ ಅವರ ಬಾಳಿನ ಕಥೆಯನ್ನು ಒಮ್ಮೆ ಹೇಳುತ್ತಿದ್ದಾಗ, ಹತ್ತನೆಯ ವಯಸ್ಸಿಗೆ ಮದುವೆಯಾಗಿ ಹದಿನಾಲ್ಕಕ್ಕೆ ವಿಧವೆಯಾದ ಹುಡುಗಿಯೊಬ್ಬಳು ಮುಂದೆ ಗ್ರಂಥಕರ್ತ್ರಿಯೂ ಪತ್ರಿಕಾ ಸಂಪಾದಕಿಯೂ ಆದಳೆಂಬ ಮಾತಿಗೆ ಬಂದೊಡನೆ, ಮೂಲೆಯಲ್ಲಿ ಕೂತಿದ್ದ ಹಿರಿಯಳೊಬ್ಬಳು ತಡೆದು ಕೇಳಿದಳು: "ಅಲ್ರೀ ಅಕ್ಕಾರ, ಆಕೀಗೆ ಬರಿಯಾಕ ಕಾಗದಾ ಕೊಡಿಸಿದವ್ರು ಯಾರ್ರೀ?" ವಿದ್ವಾಂಸರು ತಿರುಮಲಾಂಬಾ ಅವರನ್ನು ಕುರಿತು ಎತ್ತಿರುವ ಪ್ರಶ್ನೆಗಳು ಹಲವು, ಅವರು ಸಂಪ್ರದಾಯಪರರೋ ಸುಧಾರಣಾವಾದಿಗಳೋ, ಅವರ ಕಾದಂಬರಿಗಳು ಕಲೆಯೋ ಬೋಧೆಯೋ ಎಂಬ ಚರ್ಚೆಗಳು ಬಹುಕಾಲ ನಡೆದಿವೆ. ಆದರೆ ಕಾಗದವನ್ನು ಕೊಡಿಸಿದವರು ಯಾರು ಎಂಬುದನ್ನು ಮೊದಲು ಕೇಳಿಕೊಂಡಲ್ಲದೆ ಒಂದು ಸಂಸ್ಥೆಯ ಚರಿತ್ರೆಯನ್ನು ಬರೆಯಲಾಗದೆಂದು ನನಗೆ ಆ ದಿನ ಹೊಳೆಯಿತು. ಈ ಸ್ಮರಣ ಸಂಚಿಕೆಗೆ ಕನ್ನಡದ ಮಹಿಳಾ ಪತ್ರಿಕೆಯ ಆರಂಭಕಾಲವನ್ನು ಕುರಿತು ಲೇಖನವೊಂದನ್ನು ಬರೆಯಬೇಕೆಂದು ಸಂಪಾದಕ ಬಳಗದವರು ಕೇಳಿಕೊಂಡಾಗ, ಆ ಪ್ರಶ್ನೆಯನ್ನೇ ಹಿಡಿದು ಹೊರಟಿದ್ದೇನೆ.

ತಿರುಮಲಾಂಬಾ ಅವರು ಹುಟ್ಟಿದ್ದು 1887ರ ಮಾರ್ಚ್ 25ರಂದು, ಕಪಿಲೆಯ ದಡದ ನಂಜನಗೂಡಿನಲ್ಲಿ. ತಂದೆ ವೆಂಕಟಕೃಷ್ಣ ಅಯ್ಯಂಗಾರ್ಯರು ಅಲ್ಲಿಯ ವಕೀಲರು, ತಾಯಿ ಅಲಮೇಲಮ್ಮನವರು. ಶ್ರೀಕಂಠೇಶ್ವರನ ಸನ್ನಿಧಿಯೆಂದು ದಕ್ಷಿಣದೇಶದಲ್ಲೆಲ್ಲ ಹೆಸರಾದ ಆ ಪುಣ್ಯಕ್ಷೇತ್ರಕ್ಕೆ ಮೈಸೂರಿನಿಂದ ರೈಲುಮಾರ್ಗವು ಬಂದದ್ದು ಈಕೆಯ ಬಾಲ್ಯದಲ್ಲಿಯೇ. ರಾಜಧಾನಿಯು ಹದಿನೈದು ಮೈಲಿಯೊಳಗಿದ್ದರೂ, ಶ್ರೀವೈಷ್ಣವ ಮನೆತನದ ಒಳಕೋಣೆಯು ರಾಜಧಾನಿಯಿಂದ ಎಷ್ಟು ದೂರವಿದ್ದಿತೆಂಬುದನ್ನು ಮೈಲಿಗಳಿಂದ ಅಳೆಯಲು ಬರುವಂತಿರಲಿಲ್ಲ. ಮೈಸೂರು ಸಂಸ್ಥಾನವು 1894ರಲ್ಲಿ ಬಾಲ್ಯವಿವಾಹ ನಿರೋಧದ ಕಾನೂನನ್ನು ಮಾಡಿದ್ದಿತು; ಇಡೀ ಭರತಖಂಡದಲ್ಲಿ ಅಂತಹ ಕ್ರಮಕ್ಕೆ ಮುಂದಾದ ಸರ್ಕಾರಗಳು ಆಗ ವಿರಳ. ಆದರೆ ಆ ಕಾನೂನು ನಿಷೇಧಿಸಿದ್ದು ಎಂಟು ವರ್ಷಕ್ಕೆ ಕೆಳಗಿನ ಹೆಣ್ಣುಮಗುವಿನ ವಿವಾಹವನ್ನು. ಹತ್ತು ವರ್ಷದ ತಿರುಮಲಾಂಬೆಯ ಮದುವೆಯು ನ್ಯಾಯಸಮ್ಮತವಾಗಿಯೇ ನಡೆಯಿತು. ಮಗಳನ್ನು ಪ್ರೀತಿಸುತ್ತಿದ್ದ, ಕಾನೂನನ್ನು ಬಲ್ಲ ತಂದೆಯ ಮನೆಯಲ್ಲಿಯೇ ಹಾಗಾಯಿತೆಂದ ಮೇಲೆ, ಬೇರೆ ಮನೆಗಳ ಸ್ಥಿತಿಯನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ.

1898ರಲ್ಲಿ ಪ್ಲೇಗು ಮೈಸೂರು ಸೀಮೆಯನ್ನು ಹೊಕ್ಕಿತು. ಊರಿಗೆ ಊರೇ ಮನೆಗಳನ್ನು ತೊರೆದು ಹೊರಗಿನ ಬಯಲಿನಲ್ಲಿ ಜೋಪಡಿಗಳನ್ನು ಹಾಕಿಕೊಂಡು ಮಲಗುತ್ತಿದ್ದ ಆ ವರ್ಷಗಳ ನೆನಪು ನಮ್ಮ ಅಜ್ಜಿಯರ ಮಾತಿನಲ್ಲಿ ಬಹುಕಾಲ ಉಳಿದಿದ್ದಿತು. ತಿರುಮಲಾಂಬಾ ಅವರ ಪತಿಯನ್ನು ಅದೇ ಮಾರಿಯು ಒಯ್ದಿತು. ಹದಿನಾಲ್ಕರ ಪ್ರಾಯದಲ್ಲಿ ತವರಿಗೆ ಹಿಂದಿರುಗಿ ಬಂದ ಮಗಳ ಮುಂದೆ, ಆ ಕಾಲದ ಆಚಾರವು ಏನೇನನ್ನು ಇರಿಸಬಹುದಾಗಿದ್ದಿತೆಂಬುದನ್ನು ಇಲ್ಲಿ ವಿವರಿಸಬೇಕಾದ ಅಗತ್ಯವಿಲ್ಲ. ವೆಂಕಟಕೃಷ್ಣ ಅಯ್ಯಂಗಾರ್ಯರು ಪುಸ್ತಕಗಳನ್ನು ಇರಿಸಿದರು. ಕನ್ನಡವಲ್ಲದೆ ತಮಿಳು, ತೆಲುಗು, ಸಂಸ್ಕೃತಗಳನ್ನು ಮನೆಯಲ್ಲಿಯೇ ಕಲಿಯಲು ಅನುಕೂಲ ಮಾಡಿಕೊಟ್ಟರು. ಮಗಳು ಬರೆಯತೊಡಗಿದಾಗ ಬೆನ್ನ ಹಿಂದೆ ನಿಂತರು. ಆದುದರಿಂದ ನಮ್ಮ ಹಿರಿಯಳ ಪ್ರಶ್ನೆಗೆ ಮೊದಲನೆಯ ಉತ್ತರವು, ತಂದೆ ಎಂಬುದೇ. ಆದರೆ ಅದು ಅರ್ಧ ಉತ್ತರ. ತಂದೆಯು ಕೊಡಿಸಿದ ಕಾಗದದ ಮೇಲೆ ಬರೆದು ಪೆಟ್ಟಿಗೆಯಲ್ಲಿ ಇಟ್ಟುಕೊಂಡ ವಿಧವೆಯರು ಆ ಕಾಲದಲ್ಲಿ ಇನ್ನೂ ಕೆಲವರಿದ್ದಿರಬಹುದು. ಅವರ ಕಾಗದಗಳು ಅವರೊಡನೆಯೇ ಹೋದವು. ತಿರುಮಲಾಂಬಾ ಅವರು ಮಾಡಿದ್ದು, ಆ ಕಾಗದದ ವೆಚ್ಚವನ್ನು ಓದುವವರಿಂದಲೇ ಹೊರಿಸಿಕೊಳ್ಳುವ ಒಂದು ಏರ್ಪಾಡನ್ನು.

ಆ ಏರ್ಪಾಡಿನ ಹೆಸರು 'ಸತೀಹಿತೈಷಿಣಿ.' 1913ರಲ್ಲಿ ಈ ಗ್ರಂಥಮಾಲೆಯನ್ನು ಆರಂಭಿಸಿ, ಅದರ ಮೊದಲ ಕುಸುಮವಾಗಿ 'ಸುಶೀಲೆ' ಎಂಬ ಕಾದಂಬರಿಯನ್ನು ತಾವೇ ಬರೆದು ತಾವೇ ಪ್ರಕಟಿಸಿದರು. ಅಂದಿನ ಕನ್ನಡ ಗದ್ಯದ ಪರಿಸ್ಥಿತಿಯನ್ನು ನೆನೆದರೆ ಈ ಸಾಹಸದ ಪ್ರಮಾಣವು ತಿಳಿದೀತು. ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' 1899ರಲ್ಲಿ ಬಂದಿದ್ದಿತು, ಬಿ. ವೆಂಕಟಾಚಾರ್ಯರ ವಂಗಾನುವಾದಗಳೂ ಗಳಗನಾಥರ ಐತಿಹಾಸಿಕ ಕಾದಂಬರಿಗಳೂ ಕನ್ನಡಿಗರಿಗೆ ಕಥೆಯ ರುಚಿಯನ್ನು ಹತ್ತಿಸುತ್ತಿದ್ದವು, ಎಂ. ಎಸ್. ಪುಟ್ಟಣ್ಣನವರ 'ಮಾಡಿದ್ದುಣ್ಣೋ ಮಹಾರಾಯ' 1915ಕ್ಕೆ ಇನ್ನೂ ಬರಬೇಕಾಗಿದ್ದಿತು. ಕನ್ನಡ ಸಾಹಿತ್ಯ ಪರಿಷತ್ತಾಗಲಿ ಮೈಸೂರು ವಿಶ್ವವಿದ್ಯಾನಿಲಯವಾಗಲಿ ಹುಟ್ಟಿರಲಿಲ್ಲ. ಸ್ತ್ರೀಯೊಬ್ಬರು ಕನ್ನಡ ಕಾದಂಬರಿಯನ್ನು ಬರೆದದ್ದು ಇದೇ ಮೊದಲೆಂದು ಹೇಳುವ ರೂಢಿಯೊಂದಿದೆ, ಅದು ಸರಿಯಲ್ಲ. ಶಾಂತಾಬಾಯಿ ನೀಲಗಾರ ಅವರ 'ಸದ್ಗುಣಿ ಕೃಷ್ಣಾಬಾಯಿ' 1908ರಲ್ಲಿಯೇ ಪ್ರಕಟವಾಗಿದ್ದಿತು, ಮತ್ತು ಉತ್ತರ ಕರ್ನಾಟಕದ ಆ ತಾಯಿಗೆ ಸಲ್ಲಬೇಕಾದ ಗೌರವವನ್ನು ಮೈಸೂರಿನವರ ಮೇಲಿನ ಪ್ರೀತಿಯಿಂದ ತಪ್ಪಿಸಬಾರದು. ತಿರುಮಲಾಂಬಾ ಅವರ ಪ್ರಥಮತ್ವವು ಬೇರೆಡೆಯಲ್ಲಿದೆ. ಬರೆಯುವುದು, ಅಚ್ಚು ಹಾಕಿಸುವುದು, ಮಾರುವುದು, ಲೆಕ್ಕವಿಡುವುದು, ಮುಂದಿನ ಪುಸ್ತಕಕ್ಕೆ ಹಿಂದಿನ ಪುಸ್ತಕದಿಂದ ಬಂಡವಾಳವನ್ನು ಹೊಂದಿಸುವುದು, ಇವಿಷ್ಟನ್ನೂ ಒಂದೇ ಕೈಯಲ್ಲಿ ಹಿಡಿದು ನಡೆಸಿದ ಕನ್ನಡ ಹೆಣ್ಣು ಅವರಿಗಿಂತ ಹಿಂದೆ ಇರಲಿಲ್ಲ.

'ಸುಶೀಲೆ' ಹಲವು ಮುದ್ರಣಗಳನ್ನು ಕಂಡು ಸುಮಾರು 7000 ಪ್ರತಿಗಳಷ್ಟು ಖರ್ಚಾಯಿತೆಂಬುದು ಪ್ರಸಿದ್ಧವಾದ ಸಂಗತಿ. ಓದುಬರಹ ಬಲ್ಲ ಹೆಂಗಸರು ನೂರಕ್ಕೆ ಇಬ್ಬರೂ ಇರದಿದ್ದ ಸಂಸ್ಥಾನದಲ್ಲಿ ಇದು ಹೇಗೆ ಸಾಧ್ಯವಾಯಿತೆಂದು ನಾನು ಬಹಳ ಸಲ ಯೋಚಿಸಿದ್ದೇನೆ. ಪುಸ್ತಕದ ಒಂದು ಪ್ರತಿಯು ಒಬ್ಬ ಓದುಗಳಿಗಾಗಿ ಇರಲಿಲ್ಲವೆಂಬುದೇ ಇದಕ್ಕೆ ಸಮಾಧಾನವೆಂದು ತೋರುತ್ತದೆ. ಅಕ್ಷರ ಬಲ್ಲ ಸೊಸೆಯೋ ಮೊಮ್ಮಗಳೋ ಗಟ್ಟಿಯಾಗಿ ಓದುವುದು, ಅತ್ತೆಯೂ ನೆರೆಮನೆಯವರೂ ಬತ್ತಿ ಹೊಸೆಯುತ್ತಲೋ ಅಕ್ಕಿ ಆರಿಸುತ್ತಲೋ ಕೇಳುವುದು, ನಮ್ಮ ಮನೆಗಳಲ್ಲಿ ಭಾರತ ವಾಚನದಿಂದ ಬಂದ ಹಳೆಯ ಕ್ರಮ. ಗಂಡಸರಲ್ಲದ, ಪುರಾಣಿಕರಲ್ಲದ ಕಂಠವೊಂದು ಆ ಪಡಸಾಲೆಯನ್ನು ಹೊಗಬೇಕಾಗಿದ್ದರೆ, ಅದು ಕಥೆಯ ರೂಪದಲ್ಲಿ, ಸುಶೀಲೆ ಎಂಬಂತಹ ನಿರಾತಂಕವಾದ ಹೆಸರಿನಲ್ಲಿ, ಸತಿಯರ ಹಿತವನ್ನು ಬಯಸುವವಳೆಂಬ ಮುದ್ರೆಯನ್ನು ಹೊತ್ತು ಬರಬೇಕಾಗಿದ್ದಿತು. ಆ ಹೆಸರನ್ನು ಓದಿ ಯಾವ ಯಜಮಾನನೂ ಪುಸ್ತಕವನ್ನು ಬಾಗಿಲಿನಲ್ಲಿ ತಡೆಯುವಂತಿರಲಿಲ್ಲ.

ಈ ಗ್ರಂಥಮಾಲೆಯಲ್ಲಿ 'ನಭಾ', 'ವಿರಾಗಿಣಿ', 'ದಕ್ಷಕನ್ಯೆ', 'ಮಾತೃನಂದಿನಿ' ಮೊದಲಾದವು ಒಂದರ ಹಿಂದೊಂದು ಹೊರಬಂದು, ಕಾದಂಬರಿ, ನಾಟಕ, ಗೀತಾವಳಿ, ಪತ್ತೇದಾರಿ ಕಥೆ ಎಂದು ಒಟ್ಟು ಇಪ್ಪತ್ತೈದಕ್ಕೂ ಮಿಕ್ಕ ಕೃತಿಗಳಾದವು. ಪತ್ತೇದಾರಿ ಕಥೆಯನ್ನು ಕೈಗೆತ್ತಿಕೊಂಡ ಮೊದಲ ಕನ್ನಡ ಲೇಖಕಿಯೆಂದು ಅವರನ್ನು ಕರೆಯುತ್ತಾರೆ. ಪತಿವ್ರತಾಧರ್ಮವನ್ನು ಬೋಧಿಸಿದ ಲೇಖನಿಯೇ ಕಳ್ಳನ ಜಾಡನ್ನು ಹಿಡಿದು ಹೊರಟಿತೆಂಬುದನ್ನು ಅವರನ್ನು ಬರಿಯ ಉಪದೇಶಕಿಯೆಂದು ತಳ್ಳಿಹಾಕುವವರು ಗಮನಿಸಬೇಕು. ಜತೆಗೆ ತಮ್ಮ ಮನೆಯಲ್ಲಿಯೇ ನೆರೆಹೊರೆಯ ಹೆಣ್ಣುಮಕ್ಕಳಿಗೆ ಪಾಠ ಹೇಳುವ ಕೆಲಸವನ್ನೂ ನಡೆಸಿದರು. ಓದುಗರಿಲ್ಲದ ಕಡೆ ಓದುಗರನ್ನು ಸಿದ್ಧಮಾಡಿಕೊಳ್ಳುವುದೂ ಪ್ರಕಾಶಕಿಯ ಕರ್ತವ್ಯವೇ ಆಗಿದ್ದಿತು.

ಇಷ್ಟಾದ ಮೇಲೆ 1916-17ರ ಸುಮಾರಿನಲ್ಲಿ 'ಕರ್ನಾಟಕ ನಂದಿನಿ' ಎಂಬ ಮಾಸಪತ್ರಿಕೆಯು ಬಂದಿತು. ಸ್ತ್ರೀಯರಿಗಾಗಿ ಸ್ತ್ರೀಯೇ ಸಂಪಾದಿಸಿ ಹೊರಡಿಸಿದ ಪತ್ರಿಕೆಯೆಂಬ ಹೆಗ್ಗಳಿಕೆ ಇದರದು. ಕನ್ನಡದ ಮೊದಲ ಪತ್ರಿಕಾ ಸಂಪಾದಕಿಯೆಂದು ತಿರುಮಲಾಂಬಾ ಅವರ ಹೆಸರು ನಿಂತಿರುವುದು ಇದರಿಂದಲೇ. ಮುಂದೆ 'ಸನ್ಮಾರ್ಗದರ್ಶಿ' ಎಂಬ ಇನ್ನೊಂದು ಪತ್ರಿಕೆಯನ್ನೂ ನಡೆಸಿದರು. ಪುಸ್ತಕಕ್ಕೂ ಪತ್ರಿಕೆಗೂ ಇರುವ ಅಂತರವನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ವಿಚಾರ ಮಾಡಬೇಕು. ಪುಸ್ತಕವು ಒಮ್ಮೆ ಮನೆಗೆ ಬಂದು ಗೂಡಿನಲ್ಲಿ ನಿಲ್ಲುತ್ತದೆ. ಪತ್ರಿಕೆಯು ತಿಂಗಳಿಗೊಮ್ಮೆ ಅಂಚೆಯವನ ಕೈಯಿಂದ ಬಾಗಿಲಿಗೆ ಬರುತ್ತದೆ, ಬಾರದಿದ್ದರೆ ಯಾಕೆ ಬರಲಿಲ್ಲವೆಂದು ಕಾಯಿಸುತ್ತದೆ, ಓದಿದವರಿಗೆ ಉತ್ತರ ಬರೆಯಬೇಕೆಂಬ ಆಸೆಯನ್ನು ಹುಟ್ಟಿಸುತ್ತದೆ, ಮತ್ತು ಹಾಗೆ ಬರೆದವಳ ಹೆಸರನ್ನು ಇನ್ನೊಂದು ತಿಂಗಳು ಅಚ್ಚಿನಲ್ಲಿ ಹೊತ್ತು ತರುತ್ತದೆ. ತವರಿನಿಂದ ಬರುವ ಕಾಗದವನ್ನು ಬಿಟ್ಟು ಬೇರಾವ ಅಂಚೆಯನ್ನೂ ಕಾಣದಿದ್ದ ಗೃಹಿಣಿಗೆ, ತನ್ನನ್ನು ಉದ್ದೇಶಿಸಿಯೇ ಹೊರಟ ಒಂದು ಲಕೋಟೆಯು ತಿಂಗಳು ತಿಂಗಳೂ ಬರತೊಡಗುವುದೆಂದರೆ ಅದು ಎಂತಹ ಪರಿವರ್ತನೆಯಾಗಿದ್ದಿರಬೇಕು! ಆ ಲಕೋಟೆಯ ಒಳಗಿದ್ದ ಲೇಖನವು ಪತಿಸೇವೆಯನ್ನೇ ಹೊಗಳುತ್ತಿದ್ದಿರಲಿ, ಲಕೋಟೆಯ ಬರವೇ ಒಂದು ಸ್ವಾತಂತ್ರ್ಯ.

ಭರತಖಂಡದ ಬೇರೆ ಭಾಷೆಗಳಲ್ಲಿಯೂ ಇಂತಹ ಬಾಗಿಲುಗಳು ಅದೇ ಕಾಲಕ್ಕೆ ಒಂದೊಂದಾಗಿ ತೆರೆಯುತ್ತಿದ್ದವು. ಲಾಹೋರಿನಲ್ಲಿ ಮುಹಮ್ಮದೀ ಬೇಗಂ ಅವರು 1898ರಲ್ಲಿಯೇ 'ತಹಜೀಬ್-ಎ-ನಿಸ್ವಾಂ' ಎಂಬ ಉರ್ದು ವಾರಪತ್ರಿಕೆಯ ಸಂಪಾದಕಿಯಾದರು. ಕಾಕಿನಾಡಿನಲ್ಲಿ ಪುಲುಗುರ್ತ ಲಕ್ಷ್ಮೀನರಸಮಾಂಬ ಅವರು 'ಸಾವಿತ್ರಿ'ಯನ್ನು ಹೊರಡಿಸಿದರು. ಅಲಹಾಬಾದಿನಲ್ಲಿ ರಾಮೇಶ್ವರೀ ನೆಹರೂ ಅವರ 'ಸ್ತ್ರೀದರ್ಪಣ' 1909ರಲ್ಲಿ ಆರಂಭವಾಯಿತು. ಇವರಲ್ಲಿ ಲಕ್ಷ್ಮೀನರಸಮಾಂಬ ಅವರು ವಿಧವಾವಿವಾಹವನ್ನು ವಿರೋಧಿಸಿಯೇ ಸ್ತ್ರೀವಿದ್ಯೆಯನ್ನು ಬೆಂಬಲಿಸಿದವರು. ಸಂಪ್ರದಾಯವನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಇನ್ನೊಂದು ಕೈಯಿಂದ ಬಾಗಿಲನ್ನು ತಳ್ಳಿದವರು ನಂಜನಗೂಡಿನಲ್ಲಿ ಮಾತ್ರವೇ ಇರಲಿಲ್ಲವೆಂಬುದು ಇದರಿಂದ ತಿಳಿಯುತ್ತದೆ.

ತಿರುಮಲಾಂಬಾ ಅವರನ್ನು ಕುರಿತ ವಿವಾದವು ಈ ಎರಡು ಕೈಗಳ ವಿವಾದವೇ. ಬಾಲವಿಧವೆಯು ಮನೆಯ ಮೂಲೆಯಲ್ಲಿ ಜಪಮಾಲೆಯೊಡನೆ ಕೂಡಬೇಕೆಂದು ಎಣಿಸುವ ಸಮಾಜಕ್ಕೆ, ತನ್ನ ಹೆಸರನ್ನು ಮುಖಪುಟದಲ್ಲಿ ಅಚ್ಚು ಹಾಕಿಸಿ ಪುಸ್ತಕವನ್ನು ಮಾರುವ ಹೆಂಗಸು ಎಂದಿಗೂ ಸಮ್ಮತವಾಗಲಾರಳು. ಇತ್ತ, ವಿಧವೆಗೆ ಮರುಮದುವೆಯಾಗಬೇಕು, ಹೆಣ್ಣಿಗೆ ಗಂಡಿನ ಸಮಾನಸ್ಥಾನ ಬೇಕು ಎಂದು ನೇರವಾಗಿ ಹೇಳುವ ಕಾಲವು ಬಂದಾಗ, ಸ್ವತಃ ಆ ದುಃಖವನ್ನು ಉಂಡವರೇ ಪಾತಿವ್ರತ್ಯವನ್ನು ಹೊಗಳಿದರಲ್ಲಾ ಎಂದು ಸುಧಾರಕರ ಮುಂದಿನ ಪೀಳಿಗೆಯು ಅವರನ್ನು ಆಕ್ಷೇಪಿಸಿತು. ಈ ಎರಡನೆಯ ಆಕ್ಷೇಪಣೆಯನ್ನು ನಾನು ಹಗುರವಾಗಿ ಎಣಿಸುವುದಿಲ್ಲ. ಅವರ ಆದರ್ಶ ನಾಯಿಕೆಯರ ಸಹನೆಯು ಇಂದು ಓದುವಾಗ ನನ್ನ ಮನಸ್ಸನ್ನೂ ನೋಯಿಸುತ್ತದೆ. ಆದರೂ ಗ್ರಂಥಕರ್ತ್ರಿಯ ಬೋಧೆಯನ್ನು ಮಾತ್ರ ತೂಗಿ, ಆಕೆಯ ಬಾಳುವೆಯನ್ನೂ ಆಕೆಯು ಕಟ್ಟಿದ ಸಂಸ್ಥೆಯನ್ನೂ ತಕ್ಕಡಿಯ ಹೊರಗಿಡುವುದು ನ್ಯಾಯವಲ್ಲ. ಆದರ್ಶಸತಿಯ ಕಥೆಯನ್ನು ಬರೆದು ಮಾರಿದ ಹಣದಿಂದ, ಯಾವ ಸತಿಯ ಆದರ್ಶಕ್ಕೂ ಒಳಪಡದ ಒಂದು ಬಾಳನ್ನು ಅವರು ಬಾಳಿದರು; ಓದುಗಳು ಕಥೆಯನ್ನು ಓದುವಾಗ ಆ ಬಾಳನ್ನೂ ಓದುತ್ತಿದ್ದಳು, ಏಕೆಂದರೆ ಮುಖಪುಟದ ಮೇಲೆ ಇದ್ದದ್ದು ಸುಶೀಲೆಯ ಹೆಸರೊಂದೇ ಅಲ್ಲ.

ಮೂರನೆಯದೊಂದು ಆಕ್ಷೇಪಣೆಯು ಸಾಹಿತ್ಯದ ಕಡೆಯಿಂದ ಬಂದಿತು, ಮತ್ತು ಅದೇ ಹೆಚ್ಚು ನಾಟಿತು. 'ಮಾತೃನಂದಿನಿ' ಕಾದಂಬರಿಯನ್ನು ಕುರಿತು ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಬರೆದ ವಿಮರ್ಶೆಯು ಕಟುವಾಗಿದ್ದಿತೆಂದೂ, ಆ ನೋವಿನಿಂದ ಅವರು ಬರವಣಿಗೆಯನ್ನೇ ಕೈಬಿಟ್ಟರೆಂದೂ ತಿರುಮಲಾಂಬಾ ಅವರ ಬಾಳನ್ನು ಕುರಿತು ಬರೆದವರು ಹೇಳುತ್ತ ಬಂದಿದ್ದಾರೆ. ಒಂದು ವಿಮರ್ಶೆಯಿಂದಲೇ ಇಷ್ಟು ದೊಡ್ಡ ಮೌನವು ಉಂಟಾಯಿತೆಂದು ಒಪ್ಪಲು ನನ್ನ ಮನಸ್ಸು ಹಿಂಜರಿಯುತ್ತದೆ. ಕನ್ನಡದ ರುಚಿಯೇ ಆ ಹತ್ತು ವರ್ಷಗಳಲ್ಲಿ ತಿರುಗಿಬಿಟ್ಟಿದ್ದಿತು. 'ಪ್ರಬುದ್ಧ ಕರ್ನಾಟಕ' ಪತ್ರಿಕೆಯು 1919ರಲ್ಲಿ ಹುಟ್ಟಿತು; ಮಾಸ್ತಿಯವರ ಸಣ್ಣಕಥೆಗಳೂ ಬಿ. ಎಂ. ಶ್ರೀಕಂಠಯ್ಯನವರ 'ಇಂಗ್ಲಿಷ್ ಗೀತಗಳೂ' ಆಡುಮಾತಿಗೆ ಹತ್ತಿರವಾದ ಹೊಸ ಕನ್ನಡವೊಂದನ್ನು ಬಳಕೆಗೆ ತಂದವು. ವಿಶ್ವವಿದ್ಯಾನಿಲಯದಲ್ಲಿ ಇಂಗ್ಲಿಷ್ ಕಾದಂಬರಿಯನ್ನು ಓದಿ ಬಂದ ತರುಣರಿಗೆ, ವೆಂಕಟಾಚಾರ್ಯರ ಕಾಲದ ದೀರ್ಘಸಮಾಸಗಳ ಗದ್ಯವೂ ಅಧ್ಯಾಯದ ನಡುವೆ ಬರುವ ನೀತಿಬೋಧೆಯೂ ಹಳತೆನಿಸಿದ್ದು ಸಹಜ. ಮಾಸ್ತಿಯವರು ಆ ಹೊಸ ರುಚಿಯ ಪ್ರತಿನಿಧಿಗಳಾಗಿ ಮಾತನಾಡಿದರು. ಕಲೆಯ ದೃಷ್ಟಿಯಿಂದ ಆ ರುಚಿಯು ಗೆದ್ದದ್ದು ಸರಿಯೆಂದೇ ನಾನೂ ಒಪ್ಪುತ್ತೇನೆ. ಆದರೆ ಹೊಸ ರುಚಿಯನ್ನು ಕಲಿಸಿದ ವಿದ್ಯಾಲಯದ ಬಾಗಿಲು ಯಾರಿಗೆ ತೆರೆದಿದ್ದಿತು? ನಂಜನಗೂಡಿನ ಒಳಕೋಣೆಯಲ್ಲಿ ಪಂಚತಂತ್ರ ಪುರಾಣಗಳಿಂದಲೂ ವಂಗಾನುವಾದಗಳಿಂದಲೂ ತನ್ನ ಗದ್ಯವನ್ನು ತಾನೇ ಸಂಪಾದಿಸಿಕೊಂಡ ಹೆಂಗಸನ್ನು, ಆಕೆಗೆ ದೊರೆಯದಿದ್ದ ಪಾಠದಲ್ಲಿ ಪರೀಕ್ಷೆ ಮಾಡಿದಂತಾಯಿತು. ವಿಮರ್ಶೆಯು ಕೃತಿಯನ್ನು ಅಳೆಯಿತು. ಆ ಕೃತಿಯನ್ನು ಹೊತ್ತಿದ್ದ ಗ್ರಂಥಮಾಲೆಯ ಮತ್ತು ಪತ್ರಿಕೆಯ ಕಡೆಗೆ ಯಾರೂ ಕಣ್ಣೆತ್ತಿ ನೋಡಲಿಲ್ಲವೆಂಬುದೇ ನನಗೆ ಹೆಚ್ಚಿನ ದುಃಖವನ್ನು ತರುವ ಸಂಗತಿ. ಲೇಖಕಿಯೊಬ್ಬಳು ಬರೆಯುವುದನ್ನು ನಿಲ್ಲಿಸಿದಾಗ ಅವಳ ಮುಂದಿನ ಕೃತಿಗಳು ನಷ್ಟವಾಗುತ್ತವೆ. ಸಂಪಾದಕಿಯೊಬ್ಬಳು ನಿಲ್ಲಿಸಿದಾಗ, ಆಕೆಗೆ ಬರೆದು ಕಳುಹಿಸಬೇಕೆಂದಿದ್ದ ನೂರು ಹೆಂಗಸರ ಕೃತಿಗಳು ನಷ್ಟವಾಗುತ್ತವೆ.

ಆ ನಷ್ಟವು ಪೂರ್ಣವಾಗಲಿಲ್ಲವೆಂಬುದು ನಮ್ಮ ಭಾಗ್ಯ. ಬೆಂಗಳೂರಿನಲ್ಲಿ ಇನ್ನೊಬ್ಬ ಬಾಲವಿಧವೆ, ಆರ್. ಕಲ್ಯಾಣಮ್ಮನವರು, 'ಸರಸ್ವತಿ' ಎಂಬ ಮಹಿಳಾ ಮಾಸಪತ್ರಿಕೆಯನ್ನು ಆರಂಭಿಸಿ, ನಾಲ್ಕು ದಶಕಗಳ ಕಾಲ ಅದನ್ನು ಬಿಡದೆ ನಡೆಸಿದರು. 1938ರಲ್ಲಿ ಚಾಮರಾಜಪೇಟೆಯ ಮಕ್ಕಳ ಕೂಟವನ್ನು ಕಟ್ಟಿದವರೂ ಅವರೇ. ಕಲ್ಯಾಣಮ್ಮನವರಿಗೆ ಒಂದು ನಗರವಿದ್ದಿತು, ಸ್ತ್ರೀಸಮಾಜದ ಗೆಳತಿಯರಿದ್ದರು, ಸಭೆಯಿದ್ದಿತು. ತಿರುಮಲಾಂಬಾ ಅವರಿಗೆ ಇದ್ದದ್ದು ಒಂದು ಮನೆ ಮತ್ತು ಒಂದು ಅಂಚೆಕಚೇರಿ. ಒಂದು ಪತ್ರಿಕೆಯು ಬೇಗ ನಿಂತು ಇನ್ನೊಂದು ಬಹುಕಾಲ ಬಾಳಿದುದಕ್ಕೆ ಇದಕ್ಕಿಂತ ದೊಡ್ಡ ಕಾರಣವನ್ನು ಹುಡುಕಬೇಕಾಗಿಲ್ಲ.

ಮುಂದಿನ ದಶಕಗಳನ್ನು ತಿರುಮಲಾಂಬಾ ಅವರು ಮದರಾಸಿನಲ್ಲಿ ಕಳೆದರು. ತಮಿಳಿನ ನಗರದಲ್ಲಿ ಕನ್ನಡದ ಲೇಖಕಿಯೊಬ್ಬರು ವೃದ್ಧಾಪ್ಯವನ್ನು ಕಳೆಯುತ್ತಿದ್ದಾರೆಂಬುದನ್ನು ಕರ್ನಾಟಕವು ಬಹುಮಟ್ಟಿಗೆ ಮರೆತೇ ಇದ್ದಿತು. ರಾಜ್ಯಗಳ ಪುನರ್ವಿಂಗಡಣೆಯಾಯಿತು, ನವೋದಯವು ಹೋಗಿ ನವ್ಯವು ಬಂದಿತು, ತ್ರಿವೇಣಿಯವರ ಕಾದಂಬರಿಗಳು ಮನೆಮನೆಯನ್ನೂ ಹೊಕ್ಕವು, 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಜಯದೇವಿತಾಯಿ ಲಿಗಾಡೆಯವರು ಮೊದಲ ಮಹಿಳಾ ಅಧ್ಯಕ್ಷರಾದರು. ಇಷ್ಟೆಲ್ಲ ಆಗುತ್ತಿದ್ದಾಗ ಇದರ ಮೊದಲ ಇಟ್ಟಿಗೆಯನ್ನಿಟ್ಟವರು ಜೀವಂತರಾಗಿಯೇ ಇದ್ದರು. 1982ರಲ್ಲಿ, ತೊಂಬತ್ತೈದು ವರ್ಷಗಳ ಬಾಳನ್ನು ಮುಗಿಸಿ ಅವರು ತೀರಿಕೊಂಡರು.

ಅವರನ್ನು ಮರವೆಯಿಂದ ಎತ್ತಿ ತಂದವರೂ ಹೆಂಗಸರೇ. ಬೆಂಗಳೂರು ಜಯನಗರದ ಎನ್.ಎಂ.ಕೆ.ಆರ್.ವಿ. ಮಹಿಳಾ ಕಾಲೇಜಿನ ಪ್ರಾಂಶುಪಾಲರಾಗಿದ್ದ ಚಿ. ನ. ಮಂಗಳಾ ಅವರು ಕಟ್ಟಿದ 'ಶಾಶ್ವತಿ' ಸಂಸ್ಥೆಯು ತಿರುಮಲಾಂಬಾ ಅವರ ಹೆಸರಿನಲ್ಲಿ ಲೇಖಕಿಯರಿಗೆ ಪ್ರಶಸ್ತಿಯೊಂದನ್ನು ಕೊಡತೊಡಗಿತು. ವಿಜಯಾ ದಬ್ಬೆಯವರು ಅವರ ಬದುಕು ಬರಹಗಳನ್ನು ಶ್ರದ್ಧೆಯಿಂದ ಅಧ್ಯಯನ ಮಾಡಿ, ಸಂಪ್ರದಾಯಸ್ಥೆಯೆಂಬ ಹಣೆಪಟ್ಟಿಯ ಹಿಂದೆ ಇದ್ದ ವ್ಯಕ್ತಿಯನ್ನು ನಮಗೆ ಕಾಣಿಸಿದರು. ಇವರಿಬ್ಬರ ಪರಿಶ್ರಮವಿಲ್ಲದಿದ್ದರೆ ಈ ಲೇಖನವನ್ನು ಬರೆಯಲು ನನಗೆ ಸಾಮಗ್ರಿಯೇ ಇರುತ್ತಿರಲಿಲ್ಲ.

ನಮ್ಮ ಹಿರಿಯಳಿಗೆ ಆ ಭಾನುವಾರ ನಾನು ಕೊಟ್ಟ ಉತ್ತರವನ್ನು ಇಲ್ಲಿ ಹೇಳಬೇಕು. ಮೊದಲು ಅಪ್ಪ ಕೊಡಿಸಿದರು, ಆಮೇಲೆ ಅವರ ಪುಸ್ತಕವನ್ನು ಕೊಂಡ ಹೆಂಗಸರು ಕೊಡಿಸಿದರು ಎಂದೆ. ಆಕೆಯು ಸ್ವಲ್ಪ ಹೊತ್ತು ಯೋಚಿಸಿ, "ಹಂಗಾರ ನಮ್ಮ ಪುಸ್ತಕಕ್ಕೂ ನಾವ ಪಟ್ಟಿ ಹಾಕಬೇಕ್ರಿ" ಎಂದಳು. ಈ ಸಂಚಿಕೆಯ ಕಾಗದದ ವೆಚ್ಚದಲ್ಲಿ ಒಂದು ಭಾಗವು ಹಾಗೆ ಹಾಕಿದ ಪಟ್ಟಿಯಿಂದ, ವಾರದ ಕೂಲಿಯಿಂದ ಉಳಿಸಿದ ಹತ್ತು ಇಪ್ಪತ್ತು ರೂಪಾಯಿಗಳಿಂದ ಬಂದಿದೆ. ಕೊನೆಯ ಪುಟಗಳಲ್ಲಿ ಅವರು ತಾವೇ ಬರೆದ, ಬರೆಯಲು ಬಾರದವರು ಹೇಳಿ ಬರೆಯಿಸಿದ ಮಾತುಗಳನ್ನು ಅಚ್ಚು ಹಾಕಿದ್ದೇವೆ. ವಿಜಯಪುರದ ಮಾತನ್ನು ವಿಜಯಪುರದ ಮಾತಾಗಿಯೇ, ಗದಗಿನದನ್ನು ಗದಗಿನದಾಗಿಯೇ, ಗ್ರಾಂಥಿಕಕ್ಕೆ ತಿದ್ದದೆ ಬಿಟ್ಟಿದ್ದೇವೆ, ಮತ್ತು ಪ್ರತಿಯೊಂದರ ಕೆಳಗೂ ಹೇಳಿದವಳ ಹೆಸರನ್ನು ಆಕೆಯು ಬಯಸಿದಂತೆ ಹಾಕಿದ್ದೇವೆ.